ರಂಗೋಲಿಯಲ್ಲಿ ಇಲ್ಲದ ಮನೆ

ಎಡಹುಬ್ಬಿನ ಮೇಲೆ ನನಗೊಂದು ಗಾಯದ ಗುರುತಿದೆ. ಕೂದಲು ಇಳಿಬಿಟ್ಟು ಮುಚ್ಚಿಕೋ ಎಂದು ಅಮ್ಮ ಇವತ್ತಿಗೂ ಗೊಣಗುತ್ತಾಳೆ. ನಾನು ಮುಚ್ಚಿಕೊಳ್ಳುವುದಿಲ್ಲ. ಸರ್ಕಾರಿ ಕೆಲಸದಲ್ಲಿ ನನಗೆ ಬಂದ ಶಾಲು, ಫಲಕ, ಪ್ರಶಂಸಾಪತ್ರಗಳೆಲ್ಲ ಹಿಂದೂಪುರದ ಮನೆಯ ಅಟ್ಟ ಸೇರಿ ಜಿರಲೆಗಳ ಪಾಲಾಗಿವೆ. ಹಣೆಯ ಮೇಲಿನ ಈ ಒಂದು ಪ್ರಶಂಸೆ ಮಾತ್ರ ನನ್ನ ಜೊತೆ ಓಡಾಡುತ್ತದೆ. ಕೊಟ್ಟವಳು ಕಲ್ಯಾಣದುರ್ಗದ ಒಬ್ಬ ಕೂಲಿ ಹೆಂಗಸು. ಮುಷ್ಟಿ ಗಾತ್ರದ ಕಲ್ಲು. ಗುರಿ ಇಟ್ಟೇ ಹೊಡೆದಳು.

ಆಗ ನಾನು ನೋಡಿಕೊಳ್ಳುತ್ತಿದ್ದ ಯೋಜನೆಯನ್ನು ಒಂದೇ ಮಾತಿನಲ್ಲಿ ಹೇಳಬಹುದು: ಹಾಳುಬಿದ್ದ ಬೀದಿಯನ್ನು ಆ ಬೀದಿಯವರೇ ಕೂತು ಮಾತಾಡಿ ಸರಿಮಾಡಿಕೊಳ್ಳಬೇಕು. ಚರಂಡಿ ಎಲ್ಲಿ ಹರಿಯಬೇಕು, ನಲ್ಲಿ ಎಲ್ಲಿ ಬರಬೇಕು, ದೀಪ ಎಲ್ಲಿ ನಿಲ್ಲಬೇಕು ಎಂದು ಬೀದಿಯ ಸಮಿತಿ ಹೇಳುತ್ತದೆ, ಸರ್ಕಾರ ಹಣ ಕೊಡುತ್ತದೆ. ಆಂಧ್ರದ ಗಡಿಯ ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ನನ್ನನ್ನೇ ಮುಖ್ಯಸ್ಥೆ ಮಾಡಿದರು. ಜನರ ಮಧ್ಯೆ ಬಿಡಲು ಬಾಯಿ ಜೋರಿನವಳೊಬ್ಬಳು ಬೇಕಾಗಿತ್ತು ಅಂತ ಕಾಣುತ್ತದೆ.

ಬೀದಿಯವರು ಕೂತು ಮಾತಾಡುತ್ತಾರೆ ಅಂದವರು ಯಾರೋ ಬೀದಿಯನ್ನೇ ನೋಡದ ಪುಣ್ಯಾತ್ಮರು. ಹಿಂದೂಪುರದಲ್ಲಿ ಹುಣಸೆ ಮಂಡಿಯ ಹಿಂದಿನ ಬೀದಿಯೇ ನಮ್ಮ ಮೊದಲ ಬೀದಿ. ಅಲ್ಲಿ ರಸ್ತೆಗೆ ಚಾಚಿದ್ದ ಒಂದು ಜಗಲಿಕಟ್ಟೆಗೆ ಜೇಸಿಬಿ ಕೈ ಹಾಕಿದ ಕೂಡಲೇ ಮನೆಯ ಯಜಮಾನ ಆಪರೇಟರನ ಕಣ್ಣಿಗೆ ಖಾರದ ಪುಡಿ ಎರಚಿದ. ಆಪರೇಟರನ ಕಡೆಯವರು ಯಜಮಾನನ ತಲೆ ಒಡೆದರು. ಸಂಜೆಯ ಸಭೆಯಲ್ಲಿ ಒಬ್ಬಳು ಮುದುಕಿ ಎದ್ದು ನಿಂತು, "ನಮ್ ಕಟ್ಟೆ ನಾವೇ ಒಡ್ಕಂತೀವಿ ಕಣಮ್ಮ. ಕಂಡೋರ ಕೈಲಿ ಒಡೆಸ್ಕಂಡ್ರೆ ಮಾನ ಹೋಯ್ತದೆ," ಅಂದಳು. ಅದನ್ನೇ ನಾನು ಕಾಯಿದೆ ಮಾಡಿಬಿಟ್ಟೆ. ಯಾರ ಮನೆಯ ಗೋಡೆ ಹೋಗಬೇಕೋ ಅವರೇ ಒಡೆಯಬೇಕು, ಬೇರೆಯವರ ಕೈ ಮುಟ್ಟಕೂಡದು. ಜನ ನನಗೆ ಹಿಡಿ ಹಿಡಿ ಶಾಪ ಹಾಕುತ್ತಲೇ ತಮ್ಮ ಕಟ್ಟೆ ತಾವೇ ಒಡೆದುಕೊಂಡರು. ಬೀದಿ ಅಗಲವಾಯಿತು.

ಅದೇ ಕಾಯಿದೆ ಹೊತ್ತುಕೊಂಡು ಕಲ್ಯಾಣದುರ್ಗಕ್ಕೆ ಹೋದೆ. ಅಲ್ಲಿಯ ಬೀದಿಯಲ್ಲಿ ಕೊಳಚೆ ನಿಂತು ಮಳೆ ಬಂದರೆ ಮನೆಯೊಳಕ್ಕೇ ನುಗ್ಗುತ್ತಿತ್ತು. ಬೀದಿಯ ಕೊನೆಗೆ ಹಳ್ಳವಿದೆ, ಅಲ್ಲಿಯವರೆಗೆ ಚರಂಡಿ ಬೇಕು. ಸಮಿತಿಯ ಅಧ್ಯಕ್ಷ ಕಬ್ಬಿಣ–ಸಿಮೆಂಟಿನ ಅಂಗಡಿಯವನು. ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಳ್ಳೆಯ ಮಾತುಗಾರ. ನನಗೆ ಮಜ್ಜಿಗೆ ತರಿಸಿಕೊಡುತ್ತಿದ್ದ, ಕುಡಿದೆ.

ಒಂದು ಮಧ್ಯಾಹ್ನ ಬೀದಿಯ ನಕ್ಷೆ ಬರೆಸಿದೆವು. ಕಾಗದದ ಮೇಲಲ್ಲ, ರಸ್ತೆಯ ಮೇಲೇ, ರಂಗೋಲಿ ಪುಡಿಯಲ್ಲಿ. ಅವರವರ ಮನೆ ಅವರವರೇ ಬರೆಯಬೇಕು. ಕಾಗದ ಕೊಟ್ಟರೆ ಓದಿದವರು ಮಾತ್ರ ಬರೆಯುತ್ತಾರೆ, ಪುಡಿ ಕೊಟ್ಟರೆ ಎಲ್ಲ ಹೆಂಗಸರೂ ಬರೆಯುತ್ತಾರೆ. ಬರೆದರು ಕೂಡ. ಬಟ್ಟೆ ಒಗೆಯುವ ಕಲ್ಲು ಯಾರ ಮನೆಯ ಲೆಕ್ಕಕ್ಕೆ ಎಂದು ವಾರಗಿತ್ತಿಯರಿಬ್ಬರು ಜುಟ್ಟು ಹಿಡಿದುಕೊಂಡು ನಕ್ಷೆಯ ಮೇಲೇ ಹೊರಳಾಡಿದರು. ಅವರನ್ನು ಬಿಡಿಸಿ, ಅಳಿಸಿಹೋದ ಮನೆಗಳನ್ನು ಮತ್ತೆ ಬರೆಸಿದೆ. ನನಗೆ ಇಂಥದ್ದೆಲ್ಲ ಇಷ್ಟ, ಸುಳ್ಳು ಯಾಕೆ ಹೇಳಲಿ?

ಬೀದಿಯ ಕೊನೆಯಲ್ಲಿ ಬೇವಿನ ಮರದ ಪಕ್ಕ ತಗಡು ಹೊದಿಸಿದ ಏನೋ ಒಂದಿತ್ತು. ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ. "ಅದೇನು ಸಾವ್ಕಾರ್ರೇ?" ಅಂದೆ. "ಅದು ಮೇಕೆ ದೊಡ್ಡಿ ಮೇಡಂ, ಯಾರ್ದೂ ಅಲ್ಲ," ಅಂದ. ಸುತ್ತ ನಿಂತಿದ್ದ ಹೆಂಗಸರು ಹೌದು ಹೌದು ಅಂದರು. ಚರಂಡಿಯ ಗೆರೆಯನ್ನು ಬೀದಿಯ ಆ ಪಕ್ಕದಲ್ಲಿ ಎಳೆದರೆ ಯಾರ ಕಟ್ಟೆಯೂ ಹೋಗುವುದಿಲ್ಲ, ದೊಡ್ಡಿಯ ಜಾಗದ ಮೇಲೆ ಹಾದು ನೇರ ಹಳ್ಳ ಸೇರುತ್ತದೆ. ಈ ಪಕ್ಕದಲ್ಲಿ ಎಳೆದರೆ ಸಾಲು ಕಟ್ಟೆಗಳು ಹೋಗುತ್ತವೆ, ಮೊದಲನೆಯದೇ ಸಾವ್ಕಾರ್ರ ಗ್ರಾನೈಟ್ ಹಾಸಿದ ಕಟ್ಟೆ. ಆ ಪಕ್ಕಕ್ಕೇ ಇರಲಿ ಎಂದು ಎಲ್ಲರೂ ಕೈ ಎತ್ತಿದರು. ಒಂದು ಕೈಯೂ ಕೆಳಗಿರಲಿಲ್ಲ. ನಾನು ಚಪ್ಪಾಳೆ ಹೊಡೆದೆ.

ಕೆಲಸ ಶುರುವಾದ ದಿನ ಹಿಂದೂಪುರದಿಂದ ನಮ್ಮ ಜೀಪು ಬರುವುದು ತಡವಾಯಿತು. ನಾನು ಇಳಿಯುವಷ್ಟರಲ್ಲಿ ಜೇಸಿಬಿ ತಗಡನ್ನು ಕಿತ್ತು ಬಿಸಾಕಿ ಗೋಡೆಗೆ ಬಾಯಿ ಹಾಕಿತ್ತು. ಗೋಡೆ ಮಗುಚಿತು. ಒಳಗಿಂದ ಸ್ಟೀಲ್ ತಪ್ಪಲೆಗಳು ಉರುಳಿದವು. ಹಗ್ಗದ ಮೇಲೆ ಒಣಹಾಕಿದ್ದ ಸೀರೆ ಜೇಸಿಬಿ ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಮೇಲಕ್ಕೆ ಹೋಯಿತು. ಒಲೆ ಒಡೆಯಿತು, ಬೂದಿ ಎದ್ದಿತು. ಮೇಕೆ ದೊಡ್ಡಿಯಲ್ಲಿ ಒಲೆ ಯಾಕಿರುತ್ತದೆ? "ನಿಲ್ಲಿಸೋ! ನಿಲ್ಲಿಸೋ ಲೋ!" ಎಂದು ಕಿರುಚುತ್ತಾ ಓಡಿದೆ. ಇಂಜಿನ್ನಿನ ಸದ್ದಿಗೆ ಆಪರೇಟರನಿಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ಅವಳು ಬಂದಳು. ಬೆಳುಗುಪ್ಪ ಕಡೆ ಕಡಲೆಕಾಯಿ ಕೀಳಲು ಹೋಗಿದ್ದವಳಿಗೆ ಯಾರೋ ಫೋನ್ ಮಾಡಿದ್ದರಂತೆ. ಆಟೋದಿಂದ ಇಳಿದು ಸೆರಗು ಸಿಕ್ಕಿಸಿಕೊಂಡು ಓಡಿ ಬಂದವಳ ಕೈತುಂಬ ಹೊಲದ ಕೆಂಪು ಮಣ್ಣು. ಮೊದಲ ಕಲ್ಲು ಜೇಸಿಬಿಯ ಗಾಜಿಗೆ ಬಿತ್ತು. ಗಾಜು ಪುಡಿಯಾಗಿ ಆಪರೇಟರನ ಮುಖವೆಲ್ಲ ರಕ್ತ, ಅವನು ಹಾರಿ ಓಡಿದ. "ಯಾರೇ ಇದಕ್ಕೆಲ್ಲ ದೊಡ್ಡೋಳು? ಯಾವಳೇ ಅವಳು?" ಎಂದು ಕೂಗಿದಳು. ಇಡೀ ಬೀದಿ ನನ್ನ ಕಡೆ ನೋಡಿತು. ಎರಡನೆಯ ಕಲ್ಲು ನನಗೆ.

ನೋವು ಆಮೇಲೆ ಬಂತು. ಮೊದಲು ಬಂದದ್ದು ಬಿಸಿ. ಎಡಗಣ್ಣು ಮುಚ್ಚಿಹೋಯಿತು, ಬಾಯಿಗೆ ಉಪ್ಪು ರುಚಿ. ಮಂಡಿಯೂರಿ ಕೂತೆ. ತೆರೆದಿದ್ದ ಒಂದು ಕಣ್ಣಲ್ಲಿ ನೋಡಿದ್ದನ್ನು ಎರಡು ಕಣ್ಣಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿ ನೆನಪಿಟ್ಟಿದ್ದೇನೆ. ರಂಗೋಲಿ ಬರೆದ ಅದೇ ಹೆಂಗಸರು ಅವಳ ಜುಟ್ಟು ಹಿಡಿದು ನೆಲಕ್ಕೆ ಕೆಡವಿದರು. ಗಂಡಸರು ಒದ್ದರು. ಬೆನ್ನಿಗೆ, ಹೊಟ್ಟೆಗೆ, ಎಲ್ಲಿ ಸಿಕ್ಕಿದರೆ ಅಲ್ಲಿಗೆ. ಸಾವ್ಕಾರ ಅವಳ ಬಲಗೈಯನ್ನು ಚಪ್ಪಲಿಯಲ್ಲಿ ತುಳಿದು ಹಿಡಿದು, "ಈ ಕೈಯಲ್ಲವೇನೇ ಕಲ್ಲೆತ್ತಿದ್ದು?" ಎಂದು ಇನ್ನೊಂದು ಕಾಲಲ್ಲಿ ಜಜ್ಜಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಹಿಂದಿನಿಂದ ಯಾರೋ ಒಬ್ಬ, "ಬಡವನ ಕೋಪ ದವಡೆಗೆ ಮೂಲ," ಎಂದು ನಕ್ಕ.

ನಾನು ಎದ್ದು ಹೋಗಿ ಸಾವ್ಕಾರನ ಕಪಾಳಕ್ಕೆ ಬಾರಿಸಿದೆ. ಯೋಚನೆ ಮಾಡಿ ಬಾರಿಸಿದ್ದಲ್ಲ, ಆದರೆ ಯೋಚನೆ ಮಾಡಿದ್ದರೂ ಬಾರಿಸುತ್ತಿದ್ದೆ. ಅವನು ಕೆನ್ನೆ ಹಿಡಿದುಕೊಂಡು ಕಣ್ಣು ಬಿಟ್ಟ. "ನಿಮಗೋಸ್ಕರ ಹೊಡೆದ್ವಿ ಕಣಮ್ಮ ನಾವು!" ಅಂದ.

"ನನಗೋಸ್ಕರವಾ? ಇದು ಮನೆ ಅಂತ ಗೊತ್ತಿದ್ದೂ ದೊಡ್ಡಿ ಅಂದೆಯಲ್ಲಯ್ಯಾ! ಇವಳನ್ನ ಒಂದು ಮಾತು ಕೇಳಿದ್ರಾ?"

"ಸೆಟ್ಟೂರು ಕಡೆಯಿಂದ ಮೇಕೆ ಹೊಡ್ಕಂಡು ಬಂದು ನಮ್ ಬೀದೀಲಿ ಸೇರ್ಕಂಡೋಳು. ಬೆಳಿಗ್ಗೆ ಎದ್ರೆ ಕೂಲಿ, ಮುಖಾನೂ ಕಾಣಲ್ಲ. ಕೋಳೀನ ಕೇಳಿ ಮಸಾಲೆ ಅರೀತಾರಾ ಮೇಡಂ?"

ಸುತ್ತಲಿದ್ದವರು ತಲೆಯಾಡಿಸಿದರು. ಅವರಿಗೆ ನಿಜವಾಗಿಯೂ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ನನಗೆ ಆವತ್ತು ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಜನರ ಕೈಗೆ ಅಧಿಕಾರ ಕೊಡಿ ಎಂದು ವರ್ಷಗಟ್ಟಲೆ ಭಾಷಣ ಮಾಡಿದವಳು ನಾನು. ಕೊಟ್ಟದ್ದಕ್ಕೆ ಅವರು ಮೊದಲು ಮಾಡಿದ ಕೆಲಸ ಇದು.

ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮಿಬ್ಬರಿಗೂ ಅಕ್ಕಪಕ್ಕದ ಮಂಚ. ನನ್ನ ಹಣೆಗೆ ಹೊಲಿಗೆ ಹಾಕಿದರು, ಅವಳ ಕೈಗೆ ಪಟ್ಟಿ. ಅವಳು ಒಂದು ಸಲವೂ ನರಳಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಅಮ್ಮ ಫೋನ್ ಮಾಡಿ, "ಬಾಯಿ ಸಾಲ್ದು ಅಂತ ಕೈನೂ ಬಿಟ್ಯಾ?" ಎಂದು ಬೈದು ಅತ್ತಳು. ವರಾಂಡದ ತುಂಬ ಬೀದಿಯವರು, ಕೂಲಿಯವಳೇ ಕಲ್ಲು ಹೊಡೆದದ್ದೆಂದು ಸಾಕ್ಷಿ ಹೇಳಲು ಬಂದವರು. ಸರ್ಕಾರಿ ಅಧಿಕಾರಿಯ ಮೇಲೆ ಕೈ ಮಾಡಿದ ಕೇಸೆಂದರೆ ಅವಳು ಜೈಲಿಗೆ, ಜಾಗ ಖಾಲಿ, ಚರಂಡಿ ನೇರ. ಅಷ್ಟು ಸಲೀಸು.

ಎಸ್ಸೈ ಬಂದು ಇಬ್ಬರ ಮಂಚದ ಮಧ್ಯೆ ನಿಂತು ತೆಲುಗಿನಲ್ಲಿ ಕೇಳಿದ: "ಎವರು ಕೊಟ್ಟಿನಾರು ಮೇಡಂ?"

"ಯಾರೂ ಹೊಡೆದಿಲ್ಲ. ಕಾಲು ಜಾರಿ ಬಿದ್ದೆ," ಅಂದೆ.

ಪಕ್ಕದ ಮಂಚದವಳು ಎದ್ದು ಕೂತಳು. "ಯಾಕಮ್ಮ ಸುಳ್ಳು ಬೊಗಳ್ತೀಯಾ? ಹೊಡ್ದೋಳು ನಾನು. ಬರ್ಕಳಯ್ಯ ಸಾರು. ನನ್ ಹೆಸ್ರು ಬರ್ಕ. ನನ್ ಮನೆ ಎಲ್ಲೈತೆ ಅಂತಲೂ ಬರ್ಕ. ಆ ಬೀದಿ ಕೊನೇಲಿ, ಬೇವಿನ ಮರದ ಪಕ್ಕ. ದೊಡ್ಡಿ ಅಲ್ಲ, ಮನೆ ಅಂತ ಬರ್ಕ. ಜೈಲಿಗೆ ಬೇಕಾದ್ರೂ ಹೋಯ್ತೀನಿ, ಮನೆ ಅಂತ ಬರ್ಕ."

ಎಸ್ಸೈ ಅಭ್ಯಾಸಬಲದಿಂದ ಮನೆ ನಂಬರು ಕೇಳಿದ.

"ನಂಬ್ರ ಕೊಡೋರು ನೀವು. ನನ್ನ ಕೇಳ್ತೀಯಲ್ಲ!"

ನಾನು ಮುಖ ಗೋಡೆಗೆ ತಿರುಗಿಸಿಕೊಂಡು ಅತ್ತೆ. ಹೊಲಿಗೆ ಎಳೆಯುತ್ತಿತ್ತು, ಅದಕ್ಕೆ ಅತ್ತೆ ಎಂದು ನರ್ಸಿಗೆ ಹೇಳಿದೆ.

ಆಮೇಲೆ ಪಕ್ಕದ ಮಂಚದವಳು ಎಸ್ಸೈಗೆ ಇನ್ನೊಂದು ಮಾತು ಹೇಳಿದಳು. ಕೈ ಮುರಿದವನು ಯಾರು ಎಂದೂ ಬರೆದುಕೊಳ್ಳಬೇಕು, ನೋಡಿದವಳು ಪಕ್ಕದಲ್ಲೇ ಮಲಗಿದ್ದಾಳೆ ಎಂದು. ನಾನು ಹೌದು, ನೋಡಿದ್ದೇನೆ ಅಂದೆ. ಸಾವ್ಕಾರನಿಗೆ ನಾನು ಹೊಡೆದದ್ದನ್ನೂ ನಾನೇ ಹೇಳಿದೆ. ಎಸ್ಸೈ ಪೆನ್ನು ಜೇಬಿಗಿಟ್ಟು, "ಮುಗ್ಗುರೂ ಕೊಟ್ಟಿನಾರು, ಮುಗ್ಗುರೂ ತಿನ್ನಾರು," ಅಂದ. ಮೂವರೂ ಹೊಡೆದಿದ್ದಾರೆ, ಮೂವರೂ ತಿಂದಿದ್ದಾರೆ. ಊರಲ್ಲೇ ತೀರ್ಮಾನ ಮಾಡಿಕೊಳ್ಳುತ್ತೀರೋ, ಎಲ್ಲರನ್ನೂ ಒಳಗೆ ಹಾಕಲೋ ಎಂದು ಕೇಳಿ ವರಾಂಡಕ್ಕೆ ಹೋದ. ಸಾಕ್ಷಿಗಳು ಒಬ್ಬೊಬ್ಬರಾಗಿ ಕರಗಿದರು.

ಮಾರನೆಯ ದಿನ ಸಾವ್ಕಾರ ಮೂಸಂಬಿ ಹಿಡಿದುಕೊಂಡು ಬಂದ. ಅವನ ಮನ ಕರಗಿತು ಅಂದುಕೊಳ್ಳಬೇಡಿ, ಕೇಸಿನ ಭಯಕ್ಕೆ ಕಾಲು ಕರಗಿತ್ತು. "ನಮ್ ನಮ್ದು ಏನಿದ್ರೂ ಬೀದೀಲೇ ಮುಗಿಸ್ಕಳಾಣ ಕಣಮ್ಮ," ಅಂದ.

"ಮುಗಿಸ್ಕಳಾಣ. ಬೀದಿ ಅಂದ್ರೆ ಅದ್ರಲ್ಲಿ ನಾನು ಇದ್ದೀನೋ ಇಲ್ವೋ, ಮೊದ್ಲು ಅದ್ನ ಹೇಳು ಸಾವ್ಕಾರಣ್ಣ," ಅಂದಳು. ಅವನು ಮೂಸಂಬಿಯನ್ನು ಅವಳ ಮಂಚದ ಮೇಲಿಟ್ಟ. ಅವಳು ಬಿಡಿಸಿ ಹೇಳಿದಳು: ಬಿದ್ದ ಗೋಡೆ ಏಳಬೇಕು, ಸಿಮೆಂಟು ಅವನ ಅಂಗಡಿಯದು. ನಕ್ಷೆ ಮತ್ತೆ ಬರೆಯಬೇಕು, ಅವಳ ಎದುರಿಗೆ. ಚರಂಡಿ ಈ ಪಕ್ಕಕ್ಕೆ ಬರಬೇಕು. ಇಲ್ಲದಿದ್ದರೆ ಮುರಿದ ಕೈ ಕೋರ್ಟಿಗೆ ಬರುತ್ತದೆ.

ನಕ್ಷೆ ಮತ್ತೆ ಬರೆದ ದಿನ ಯಾರೂ ಜುಟ್ಟು ಹಿಡಿಯಲಿಲ್ಲ, ನಗಲೂ ಇಲ್ಲ. ಕೈಗಳು ಮಾತ್ರ ಬಿಗಿಯಾಗಿದ್ದವು. ಯಾರಾದರೂ ಒಂದು ಕೆಟ್ಟ ಮಾತು ಆಡಿದ್ದರೆ ಅಲ್ಲಿ ಹೆಣ ಬೀಳುತ್ತಿತ್ತು. ಅವಳು ಬಲಗೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಕೂತು ಎಡಗೈಯಲ್ಲಿ ಪುಡಿ ಹಿಡಿದಳು. ದೊಡ್ಡದಾಗಿ ಬರೆದುಬಿಡುತ್ತಾಳೆ ಅಂದುಕೊಂಡಿದ್ದೆ. ಇಲ್ಲ. ಇದ್ದಷ್ಟೇ ಬರೆದಳು, ಬಾಗಿಲು ಸಹಿತ. ಪಕ್ಕದಲ್ಲಿ ಬೇವಿನ ಮರ. ಗೆರೆ ಸೊಟ್ಟಗಿತ್ತು.

ಚರಂಡಿಯ ಗೆರೆ ಈ ಪಕ್ಕಕ್ಕೆ ಬಂದು ಸಾವ್ಕಾರನ ಕಟ್ಟೆಯ ಮೇಲೆ ಹಾದುಹೋಯಿತು. "ಜೇಸಿಬಿ ಕರೆಸ್ತೀನಿ," ಅಂದ ಅವನು.

"ಕಾಯಿದೆ ಗೊತ್ತಲ್ಲ ಸಾವ್ಕಾರ್ರೇ," ಅಂದೆ. "ಅವರವರ ಕಟ್ಟೆ ಅವರವರೇ."

ಎಲ್ಲಿಯವರೆಗೆ ಒಡೆಯಬೇಕೆಂದು ಕಟ್ಟೆಯ ಮೇಲೇ ರಂಗೋಲಿ ಗೆರೆ ಎಳೆದು, ಹಾರೆಯನ್ನು ಅವನ ಅಂಗಡಿಯಿಂದಲೇ ತಂದುಕೊಟ್ಟರು. ಅಂಗಿ ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ಒಂದೊಂದು ಏಟಿಗೂ ನನಗೊಂದು, ಅವಳಿಗೊಂದು ಬೈಗುಳ ಸೇರಿಸಿ ಹೊಡೆದ. ಗ್ರಾನೈಟಿನ ಚೂರು ಸಿಡಿದು ಅವನ ಮೊಣಕಾಲಿಗೆ ತಗುಲಿ ರಕ್ತ ಇಳಿಯಿತು. ಮಾಡಿದ್ದುಣ್ಣೋ ಮಹರಾಯ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ, ಜೋರಾಗಿ ಅನ್ನಲಿಲ್ಲ. ಬೀದಿಯವರೆಲ್ಲ ಅವರವರ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು, ಮುಂದಿನ ಸರದಿ ಅವರದೇ. ಅವಳು ತನ್ನ ಬಿದ್ದ ಗೋಡೆಯ ಕಲ್ಲಿನ ಮೇಲೆ ಕೂತಿದ್ದಳು. ಮುಖದಲ್ಲಿ ಸಂತೋಷವೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ.

ಅವನು ಏದುಸಿರು ಬಿಡುತ್ತಾ ಹಾರೆ ಊರಿ ನಿಂತು ಅವಳ ಕಡೆ ತಿರುಗಿದ. "ಸಾಕಾ?"

ಅವಳು ಎದ್ದು ಬಂದು, ಬಗ್ಗಿ, ರಂಗೋಲಿ ಗೆರೆಯನ್ನು ನೋಡಿದಳು.

"ಗೆರೆ ಇನ್ನೂ ಒಳಗೈತೆ," ಅಂದಳು. "ಹೊಡಿ."