ಅಂಗೈ ಮೇಲಿನ ಸಾಂಬಾರು

ನನ್ನ ಬಲ ಅಂಗೈಯ ನಡುವೆ ಸಣ್ಣದೊಂದು ಹಳದಿ ಕಲೆ ಇದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಮರಾಠಿ ಸೀಮೆಯ ಬಿಬವೇವಾಡಿಯಲ್ಲಿರುವ ನಮ್ಮ ಹೋಟೆಲಿನಲ್ಲಿ ಬೆಳಗಿನ ಸಾಂಬಾರು ನನ್ನ ಅಂಗೈಗೆ ಬೀಳದೆ ಗಿರಾಕಿಯ ಬಟ್ಟಲಿಗೆ ಬಿದ್ದದ್ದೇ ಇಲ್ಲ. ಅಡುಗೆಯ ಸದಾನಂದ ಸೌಟಿನಿಂದ ನಾಲ್ಕು ಹನಿ ಬಿಡಬೇಕು, ನಾನು ನೆಕ್ಕಿ ಕಣ್ಣು ಮುಚ್ಚಬೇಕು, ಆಮೇಲೆ ತಲೆಯಾಡಿಸಬೇಕು. ಕಣ್ಣು ಮುಚ್ಚುವ ಅಗತ್ಯವೇನೂ ಇಲ್ಲ. ಆದರೆ ಯಜಮಾನನೆಂದ ಮೇಲೆ ಅಷ್ಟಾದರೂ ಗತ್ತು ಬೇಡವೇ?

ಈ ನಾಲ್ಕು ಹನಿ ತಪ್ಪಬಾರದೆಂದು ನಾನು ಬೇರೆ ಊರಿನಲ್ಲಿ ಒಂದು ರಾತ್ರಿಯೂ ತಂಗಿದವನಲ್ಲ. ಹೆಂಡತಿ ಶಾರದೆಯ ತಮ್ಮನ ಮದುವೆಗೆ ಹೋದವನು ಊಟದ ಕೈ ಒಣಗುವ ಮೊದಲೇ ಬಸ್ಸು ಹತ್ತಿ ಇಲ್ಲಿನ ಸ್ವಾರಗೇಟ್ ನಿಲ್ದಾಣದಲ್ಲಿ ಇಳಿದಿದ್ದೆ. ಅವಳು ಇನ್ನೂ ಮರೆತಿಲ್ಲ.

ಈಚೆಗೆ ಒಂದು ಜ್ವರ ಬಂತು. ಹೋಗುವಾಗ ನನ್ನ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ರುಚಿ ಮತ್ತೆ ಬಂದರೂ ಬರಬಹುದು ಎಂದರು ಡಾಕ್ಟರು. ನಾನು ಯಾರಿಗೂ ಹೇಳಲಿಲ್ಲ. ರುಚಿ ಗೊತ್ತಾಗದ ಯಜಮಾನನಿಗೆ ಆ ಅಡುಗೆಮನೆಯಲ್ಲಿ ಏನು ಕೆಲಸ ಎಂಬ ಹೆದರಿಕೆ. ಮರುದಿನವೂ ಕೈಯೊಡ್ಡಿದೆ, ಕಣ್ಣು ಮುಚ್ಚಿದೆ, ಗಾಂಭೀರ್ಯದಿಂದ "ಉಪ್ಪು ಕಡಿಮೆ" ಎಂದೆ. ಏನಾದರೂ ಹೇಳಬೇಕಲ್ಲ!

ಸದಾನಂದ ಹಿಂದುಮುಂದು ನೋಡದೆ ಉಪ್ಪು ಸುರಿದ. ಸ್ವಲ್ಪ ಹೊತ್ತಿಗೆ ನಮ್ಮ ಖಾಯಂ ಗಿರಾಕಿ, ಧಾರವಾಡ ಕಡೆಯ ಕುಲಕರ್ಣಿ ಮಾಸ್ತರರು, ಬಟ್ಟಲು ಹಿಡಿದು ಗಲ್ಲಾದ ಹತ್ತಿರಕ್ಕೇ ಬಂದರು. "ಭಟ್ರ, ಇವತ್ತ ಏನಾಗೇದ್ರಿ? ಉಪ್ಪು ಭಾಳ ಆಗೇದ, ಬಾಯಾಗ ಇಡ್ಲಿಕ್ಕೆ ಬರಂಗಿಲ್ಲ ನೋಡ್ರಿ."

ನಾನು ಒಳಗೆ ಹೋಗಿ ಸದಾನಂದನ ಮೇಲೆ ಹರಿಹಾಯ್ದೆ: "ನಿನಗೆ ಗೊತ್ತಾಗಲಿಲ್ವಾ?"

"ನಾನು ರುಚಿ ನೋಡುವುದೇ ಇಲ್ಲ ಭಟ್ರೆ," ಎಂದ ಅವನು, ಪಾಪ, ನಿಜವಾಗಿಯೇ ಗಾಬರಿಯಾಗಿ. "ನೀವು ನೋಡ್ತೀರಲ್ಲ, ಮತ್ತೆ ನಾನೆಂತಕ್ಕೆ ನೋಡುದು?"

ನನ್ನ ಒಂದು ನಾಲಿಗೆಯನ್ನು ಮೆರೆಸುವ ಭರದಲ್ಲಿ ಇಡೀ ಅಡುಗೆಮನೆಯ ನಾಲಿಗೆಗೆ ರಜೆ ಕೊಟ್ಟಿದ್ದೆ. ಹೋಟೆಲು ಉಳಿಯಬೇಕಾದರೆ ಆ ರಜೆ ಮುಗಿಯಬೇಕಿತ್ತು.

ಮನೆಯಲ್ಲಿ ಶಾರದೆ ದೇವರ ಮುಂದೆ ನೈವೇದ್ಯದ ಎಲೆಯಿಡುತ್ತಿದ್ದಳು. ಉಪ್ಪಿನ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. "ನಿಮಗೆ ರುಚಿ ಹೋದದ್ದು ನನಗೆ ಜ್ವರ ಬಿಟ್ಟ ದಿನವೇ ಗೊತ್ತಾಯ್ತು," ಎಂದಳು. "ಹಾಗಲಕಾಯಿ ಪಲ್ಯ ಮಾತಾಡದೆ ತಿಂದ್ರಲ್ಲ! ನೈವೇದ್ಯದ ಅಡುಗೆ ನಾನು ರುಚಿ ನೋಡಿ ಬಡಿಸ್ತೇನಾ? ಇಷ್ಟು ವರ್ಷ ದೇವರು ಸುಮ್ಮನೆ ಉಂಡಿಲ್ವಾ? ನಿಮಗೆಂತ ದೊಡ್ಡಸ್ತಿಕೆ?" ಬೈಯುತ್ತಲೇ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಮರುದಿನ ಸೌಟು ನನ್ನೆಡೆಗೆ ಬಂದಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ನನಗೆ ರುಚಿ ತಿಳಿಯುವುದಿಲ್ಲ ಸದಾನಂದ. ನೀನೇ ನೋಡು." ಅವನು ತನ್ನ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡ. ನೆಕ್ಕಿ, ಕಣ್ಣು ಮುಚ್ಚಿದ! ಅದೂ ಕಲಿತುಬಿಟ್ಟಿದ್ದ ಪುಣ್ಯಾತ್ಮ. ಆಮೇಲೆ ಒಂದು ಚೂರು ಬೆಲ್ಲ ಹಾಕಿದ. ನಾನು ಇಡ್ಲಿಯ ಹಬೆ ನೋಡುತ್ತ ನಿಂತೆ.

ಈಗ ರುಚಿ ಮರಳಿದೆ. ಆದರೂ ಬೆಳಿಗ್ಗೆ ಮಾಸ್ತರರ ಎದುರು ಕುಳಿತು, ಗಿರಾಕಿಯಂತೆ ಒಂದು ಬಟ್ಟಲು ತರಿಸಿಕೊಳ್ಳುತ್ತೇನೆ. ಸದಾನಂದನ ಸಾಂಬಾರಿನಲ್ಲಿ ಬೆಲ್ಲ ಒಂದು ಚೂರು ಹೆಚ್ಚೇ. ನಾನು ಹೇಳಿಲ್ಲ. ಶಾರದೆಯ ನೈವೇದ್ಯದ ಪಾಯಸದ ಬಗ್ಗೆ ದೇವರೂ ಇದುವರೆಗೆ ಏನೂ ಹೇಳಿಲ್ಲವಲ್ಲ.