ಕಿಟಕಿಯಲ್ಲಿದ್ದ ಅವ್ವ

ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಮದುವೆ ಫೋಟೋ ಹೊಟ್ಟೆಪಾಡಿಗೆ, ರೈಲಿನ ಫೋಟೋ ಹುಚ್ಚಿಗೆ. ಹರಿಹರದ ಹೊಳೆದಂಡೆಯಲ್ಲಿ ನಿಂತು ಸೇತುವೆ ದಾಟುವ ರೈಲನ್ನು ವರ್ಷಗಟ್ಟಲೆ ತೆಗೆದಿದ್ದೇನೆ.

ಒಂದು ಬೆಳಿಗ್ಗೆ ಪಕ್ಕದಲ್ಲಿ ಒಬ್ಬ ಹೆಂಗಸು ಮೊಬೈಲ್ ಹಿಡಿದು ನಿಂತಿದ್ದಳು. ಹೆಸರು ರೇಣುಕಾ, ಗುತ್ತೂರಿನ ಹತ್ತಿರ ಫ್ಯಾಕ್ಟರಿ ಕೆಲಸ ಅಂದಳು. ರೈಲು ಬಂತು, ಇಬ್ಬರೂ ಫೋಟೋ ತೆಗೆದೆವು.

"ಹೆಂಗೆ ಬಂದೈತೆ ನೋಡ್ರಿ ಸರ್," ಅಂತ ಮೊಬೈಲ್ ಚಾಚಿದಳು.

ಅದೇ ರೈಲು, ಅದೇ ಸೇತುವೆ, ಅದೇ ಬಿಸಿಲು. ಆದರೆ ಅವಳ ಫೋಟೋದಲ್ಲಿ ಮುದುಕಿಯೊಬ್ಬಳು ಕಿಟಕಿಯಿಂದ ಕೈಬೀಸುತ್ತ ಬಾಯ್ತುಂಬ ನಗುತ್ತಿದ್ದಳು. ನನ್ನದರಲ್ಲಿ ಎಂಜಿನ್ ಮೇಲಿನ ಧೂಳೂ ಸ್ಪಷ್ಟವಾಗಿತ್ತು, ಆ ನಗು ಮಾತ್ರ ಇರಲಿಲ್ಲ. ಹೊಟ್ಟೆ ಉರಿದುಹೋಯಿತು.

"ಸ್ವಲ್ಪ ಶೇಕ್ ಆಗೈತೆ," ಅಂದೆ.

"ಆಗ್ಲಿ ಬಿಡ್ರಿ. ನಮ್ಮವ್ವ ಮೊದಲ್ನೇ ಸಲ ರೈಲು ಹತ್ತ್ಯಾಳೆ. ಕಿಟಕಿ ಹತ್ರ ಕೂಡು, ನಾನು ಹೊಳಿ ದಂಡಿಗೆ ನಿಂತಿರ್ತೀನಿ ಅಂದಿದ್ದೆ. ನಿಮ್ಮೋರು ಯಾರಿದ್ರು ಸರ್ ಅದ್ರಾಗೆ?"

"ಯಾರೂ ಇಲ್ಲ. ರೈಲು ತೆಗಿಯಾಕೆ ಬಂದೆ."

"ಬರೇ ರೈಲಾ?" ಅಂದಳು, ಪಾಪ ಅನ್ನುವ ದನಿಯಲ್ಲಿ.

ಅವಳ ಆ ಫೋಟೋವನ್ನು ನಾನೇ ದೊಡ್ಡದಾಗಿ ಪ್ರಿಂಟ್ ಹಾಕಿಕೊಟ್ಟೆ. ಅವಳನ್ನು ಕೇಳಿ ಅದರದೇ ಇನ್ನೊಂದು ಪ್ರತಿಯನ್ನು ಅಂಗಡಿಯಲ್ಲೂ ತೂಗುಹಾಕಿದೆ. ಬಂದವರೆಲ್ಲ ಅದನ್ನೇ ನೋಡಿ, "ನೀವೇ ತೆಗ್ದಿದ್ದಾ?" ಅನ್ನುತ್ತಾರೆ. ಅಲ್ಲ ಅಂತಲೇ ಹೇಳುತ್ತೇನೆ. ಆದರೆ ಹೇಳುವ ಮೊದಲು ಒಂದು ಸಲ ಕೆಮ್ಮುತ್ತೇನೆ.