ಬೀಗಿತ್ತಿಯ ಸೈಕಲ್ ಬೆಲ್

ಕಳೆದ ಶನಿವಾರ ಶೋರ್‌ಲೈನ್ ಊರಿನ ಸಂತೆಯಲ್ಲಿ ಏಪ್ರಿಕಾಟ್ ಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಬೆಟ್ಟಸಾಲಿನ ಆಚೆ, ಪೂರ್ವದ ಬಿಸಿಲುಸೀಮೆಯಿಂದ ಬಂದ ಹಣ್ಣು. ಚೆನ್ನಾಗಿ ಕಳಿತು, ಒಂದೆರಡು ಒಡೆದು, ಜೇನುಹುಳುಗಳು ಮುತ್ತಿದ್ದವು. ಸೊಪ್ಪು ಕೊಳ್ಳಲು ಹೋದವಳು ಸೊಪ್ಪು ಮರೆತು ಆ ಬುಟ್ಟಿಯ ಮುಂದೆ ನಿಂತುಬಿಟ್ಟೆ. ರುಚಿ ನೋಡಿ ಎಂದು ಮಾರುವಾಕೆ ಒಂದು ಹೋಳು ಕೊಟ್ಟಳು. ಬಾಯಿಗಿಟ್ಟೆ, ಅಷ್ಟೇ... ಡ್ಯಾನ್ಯೂಬ್ ನದಿಯ ದಂಡೆ, ಬೆವರಿನಲ್ಲಿ ತೊಯ್ದು ಕೂತಿದ್ದ ನನ್ನ ಬೀಗಿತ್ತಿ, ಅವರ ಗಲ್ಲದ ಮೇಲೆ ಇಳಿಯುತ್ತಿದ್ದ ಹಣ್ಣಿನ ರಸ, ಎಲ್ಲವೂ ಒಟ್ಟಿಗೇ ಬಂದವು.

ಬೀಗಿತ್ತಿ ಅಂದರೆ ನನ್ನ ಸೊಸೆಯ ತಾಯಿ. ಧಾರವಾಡದ ಕಡೆಯವರು, ಶೋರ್‌ಲೈನಿಗೆ ಬಂದು ನೆಲೆಸಿ ಬಹಳ ಕಾಲವಾಗಿತ್ತು. ನಾವು ಮೈಸೂರಿನವರು, ಮನೆ ರೆಡ್ಮಂಡಿನಲ್ಲಿ. ನಡುವೆ ಇದ್ದದ್ದು ಒಂದು ಸರೋವರ ಮತ್ತು ಸಂಜೆಯ ಟ್ರಾಫಿಕ್. ಅದಕ್ಕಿಂತ ದೊಡ್ಡ ದೂರ ಬೇರೆ ಇತ್ತು. ನಾನು ಗಂಡಿನ ಕಡೆಯವಳು, ಅವರು ಹೆಣ್ಣಿನ ಕಡೆಯವರು. ಏಳು ಸಮುದ್ರ ದಾಟಿ ಬಂದರೂ ಬೀಗರ ಉಪಚಾರವನ್ನು ನಾವು ಯಾರೂ ಆಚೆ ದಡದಲ್ಲಿ ಬಿಟ್ಟು ಬಂದಿರಲಿಲ್ಲ. ನಾನು ಕೂರುವವರೆಗೆ ಅವರು ಕೂರುವವರಲ್ಲ. ಅವರು ಬಡಿಸಿದ್ದನ್ನು ನಾನು ಬೇಡ ಅನ್ನುವಂತಿಲ್ಲ. ಮಕ್ಕಳ ಮದುವೆಯಾದ ಹೊಸತರಲ್ಲಿ ಒಮ್ಮೆ ಅವರ ಶೇಂಗಾ ಹೋಳಿಗೆ ತಿಂದು "ಬಹಳ ಚೆನ್ನಾಗಿದೆ" ಅಂದಿದ್ದೆ. ನನಗೆ ಸಿಹಿ ಕಂಡರೆ ಆಗದು. ಆಮೇಲೆ ನಾನು ಹೋದಾಗಲೆಲ್ಲ ಶೇಂಗಾ ಹೋಳಿಗೆ ಕಾದಿರುತ್ತಿತ್ತು. ನಾನು ತಿನ್ನುತ್ತಲೇ ಇದ್ದೆ, ಅವರು ಮಾಡುತ್ತಲೇ ಇದ್ದರು. ಆಮೇಲೆ ತಿಳಿಯಿತು, ಅವರಿಗೆ ಹೋಳಿಗೆ ಲಟ್ಟಿಸಿದರೆ ಭುಜ ಹಿಡಿಯುತ್ತಿತ್ತಂತೆ.

ಆ ವರ್ಷ ನನ್ನ ಮಗ, ಸೊಸೆ ಇಬ್ಬರೂ ಯುರೋಪಿನಲ್ಲಿ ಸೈಕಲ್ ಪ್ರವಾಸಕ್ಕೆ ಬುಕ್ ಮಾಡಿದ್ದರು. ಜರ್ಮನಿಯ ಪಸ್ಸಾವ್ ಎಂಬ ಹಳೆಯ ಊರಿನಿಂದ ಡ್ಯಾನ್ಯೂಬ್ ದಂಡೆಯಗುಂಟ ವಿಯೆನ್ನಾವರೆಗೆ. ಗೈಡ್ ಇಲ್ಲ, ಗುಂಪಿಲ್ಲ. ಸೈಕಲ್ ಕೊಡುತ್ತಾರೆ, ದಾರಿ ಹೇಳುವ ಪುಸ್ತಕ ಕೊಡುತ್ತಾರೆ, ನಮ್ಮ ಪೆಟ್ಟಿಗೆಗಳನ್ನು ವ್ಯಾನಿನಲ್ಲಿ ಮುಂದಿನ ಊರಿನ ಹೋಟೆಲಿಗೆ ಮುಟ್ಟಿಸುತ್ತಾರೆ. ನಡುವಿನದೆಲ್ಲ ನಮ್ಮ ಪಾಡು. ಅಷ್ಟರಲ್ಲಿ ಸೊಸೆ ಬಸುರಿಯಾದಳು. ನೀರು ಕುಡಿದರೂ ವಾಂತಿ. ಸೈಕಲ್ ಹತ್ತುವ ಮಾತೇ ಇರಲಿಲ್ಲ.

"ಅಮ್ಮ, ಹೆಸರು ಚೇಂಜ್ ಮಾಡ್ಕೊಡ್ತಾರಂತೆ. ನೀವೂ ಅತ್ತೇನೂ ಹೇಗೂ ವೀಕೆಂಡಲ್ಲಿ ಸೈಕಲ್ ಹೊಡೀತೀರಲ್ಲ, ಹೋಗ್ಬಿಟ್ಟು ಬನ್ನಿ" ಅಂದ ಮಗ. ನಾನು ನದಿದಾರಿಯಲ್ಲಿ ಒಬ್ಬಳೇ ಸೈಕಲ್ ಹೊಡೆಯುತ್ತಿದ್ದೆ ನಿಜ, ಬೀಗಿತ್ತಿ ತಮ್ಮ ಮನೆ ಹತ್ತಿರದ ಟ್ರೇಲಿನಲ್ಲಿ ಹೊಡೆಯುತ್ತಿದ್ದದ್ದೂ ನಿಜ. ಇಬ್ಬರೂ ಒಟ್ಟಿಗೆ? ಬೀಗಿತ್ತಿಯವರಿಗೆ ಇಷ್ಟವಿದ್ದರೆ ಸರಿ ಅಂದೆ ನಾನು. ಅವರು ಬರತೇನಿ ಅಂದ್ರ ಆತು ಅಂದರಂತೆ ಅವರು. ಹೀಗೆ ಇಬ್ಬರಲ್ಲಿ ಒಬ್ಬರೂ ಹೂಂ ಅನ್ನದೆ ಪ್ರವಾಸ ನಿಶ್ಚಯವಾಯಿತು!

ಇದರ ನಡುವೆ ಇನ್ನೊಂದು ವಿಷಯ ಬಿಸಿತುಪ್ಪದ ಹಾಗೆ ನನ್ನ ಗಂಟಲಲ್ಲಿತ್ತು. ಮಕ್ಕಳಿಬ್ಬರೂ ಇದ್ದದ್ದು ಸಿಟಿಯ ನಡುವೆ, ಸೌತ್ ಲೇಕ್ ಯೂನಿಯನ್ನಿನ ಎತ್ತರದ ಕಟ್ಟಡದಲ್ಲಿ, ಒಂದೇ ಬೆಡ್‌ರೂಮಿನ ಮನೆಯಲ್ಲಿ. ಬಾಣಂತನ ಅಲ್ಲಿ ಆಗುವಂತಿರಲಿಲ್ಲ. ರೆಡ್ಮಂಡಿನ ನಮ್ಮ ಮನೆಯಲ್ಲಿ ಕೆಳಗೇ ಕೋಣೆ ಇದೆ, ಅಲ್ಲೇ ಇರುತ್ತೇವೆ ಎಂದು ಮಕ್ಕಳೇ ತೀರ್ಮಾನ ಮಾಡಿದ್ದರು. ಚೊಚ್ಚಲ ಬಾಣಂತನ ತವರಿನವರದು. ಬೀಗಿತ್ತಿ ಏನಾದರೂ ಅನ್ನಬಹುದು ಎಂದು ನಾನು ಅವರ ಮುಖ ನೋಡಿದೆ. ಅವರು ನಕ್ಕು, "ನೀವು ಹೆಂಗ ಅಂತೀರಿ ಹಂಗರಿ" ಅಂದರು. ಅವರಿಗೆ ಬೇಡವಾಗಿದೆ, ಸುಸ್ತಿರಬೇಕು ಅಂದುಕೊಂಡು ಸುಮ್ಮನಾದೆ. ಆದರೆ ನನಗೆ ಒಳಗೊಳಗೇ ಪುಕುಪುಕು. ನನಗಿರುವವನು ಒಬ್ಬನೇ ಮಗ, ನನ್ನ ಬಾಣಂತನವನ್ನು ಮೈಸೂರಿನಲ್ಲಿ ಅಮ್ಮ ಮಾಡಿದ್ದಳು. ಕೂಸಿಗೆ ನೀರೆರೆಯುವುದು ಹೇಗೆ, ಬಾಣಂತಿಗೆ ಯಾವ ದಿನ ಏನು ಕೊಡುವುದು, ಒಂದೂ ತಿಳಿಯದು. ಆಫೀಸು ಬೇರೆ. ಆಗುವುದಿಲ್ಲ ಅಂದರೆ ಗಂಡಿನ ಕಡೆಯವಳ ಗತ್ತು ಏನಾದೀತು?

ಪಸ್ಸಾವ್‌ನಲ್ಲಿ ಮೂರು ನದಿಗಳು ಸೇರುತ್ತವೆ. ಒಂದು ಕಪ್ಪಗೆ, ಒಂದು ಹಾಲು ಬೆರೆಸಿದ ಹಸಿರು, ಇನ್ನೊಂದು ಕಂದು. ಸೈಕಲ್ ಕೈಗೆ ಬಂದ ಕೂಡಲೇ ಬೀಗಿತ್ತಿ ಆ ಮೂಲೆಗೆ ಹೋಗಿ ನಿಂತರು. "ಸಂಗಮ ಐತ್ರಿ ಇದು. ಸಂಗಮಕ್ಕ ಬಂದು ಹಂಗ ಹೋಗಬಾರದು" ಅಂದು, ಹೆಲ್ಮೆಟ್ ತೆಗೆದು, ಚೀಲದಿಂದ ಅರಿಶಿನ ಕುಂಕುಮದ ಪೊಟ್ಟಣ ಬಿಚ್ಚಿ ಒಂದೊಂದು ಚಿಟಿಕೆ ನೀರಿಗೆ ಹಾಕಿದರು. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದರು. ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದ ಮುದುಕ ದಂಪತಿ ಕೂಡ ಕ್ಯಾಮೆರಾ ಇಳಿಸಿದರು. ಏನು ಬೇಡಿಕೊಂಡಿರಿ ಎಂದು ಕೇಳುವ ಆಸೆಯಾಯಿತು. ಬೀಗರನ್ನು ಹಾಗೆಲ್ಲ ಕೇಳುವುದುಂಟೇ... ಕೇಳಲಿಲ್ಲ.

ದಾರಿ ಸಮತಟ್ಟು. ಒಂದು ಕಡೆ ನದಿ, ಇನ್ನೊಂದು ಕಡೆ ಕಾಡು, ನಡುನಡುವೆ ಚರ್ಚಿನ ಗೋಪುರವಿರುವ ಪುಟ್ಟ ಊರುಗಳು. ಕಷ್ಟವಿದ್ದದ್ದು ದಾರಿಯಲ್ಲಲ್ಲ, ನಮ್ಮ ಮರ್ಯಾದೆಯಲ್ಲಿ. ನೀವು ಮುಂದೆ ಹೋಗಿ ಅಂತ ನಾನು, ನೀವು ಮುಂದ ನಡೀರಿ ಅಂತ ಅವರು. ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಅವರು ನಿಲ್ಲದಿದ್ದರೆ ನಾನು ಹೇಗೆ ನಿಲ್ಲಲಿ ಎಂದು ತುಳಿಯುತ್ತಿದ್ದೆ. ಮರದ ನೆರಳು ಬರುತ್ತಿತ್ತು, ಹೋಗುತ್ತಿತ್ತು. ಕಾಫಿ ಅಂಗಡಿ ಬರುತ್ತಿತ್ತು, ಹೋಗುತ್ತಿತ್ತು. ಹಿಂದೆ ತಿರುಗಿ ನೋಡಿದರೆ ಬೀಗಿತ್ತಿ ಕೆಂಪಗೆ ಬೆಂದ ಮುಖದಲ್ಲಿ ನಗುತ್ತಾ, "ಆರಾಮ ಅದೇನ್ರಿ" ಎಂದು ಕೈಬೀಸುತ್ತಿದ್ದರು. ಅಬ್ಬಾ, ಎಂಥ ಗಟ್ಟಿ ಹೆಂಗಸು ಅಂದುಕೊಳ್ಳುತ್ತಿದ್ದೆ. ಅವರೂ ನನ್ನ ಬೆನ್ನು ನೋಡಿ ಅದನ್ನೇ ಅಂದುಕೊಳ್ಳುತ್ತಿದ್ದರಂತೆ.

ಕೊನೆಗೆ ಆಗಬೇಕಾದ್ದು ಆಯಿತು. ಏಪ್ರಿಕಾಟ್ ತೋಟಗಳ ಸೀಮೆ ಅದು. ಅವತ್ತು ಒಂದು ಊರಿನಲ್ಲಿ ದೋಣಿ ಹತ್ತಿ ಆಚೆ ದಡಕ್ಕೆ ಹೋಗಬೇಕಿತ್ತು, ನಮ್ಮ ಹೋಟೆಲು, ಪೆಟ್ಟಿಗೆ ಎಲ್ಲಾ ಆಚೆ. ದೋಣಿಕಟ್ಟೆ ಬಂದಾಗ ಇಬ್ಬರೂ ನೋಡಿದ್ದೇವೆ. ಮುಂದಿದ್ದ ನಾನು, ಹಿಂದಿನವರು ಕೂಗಲಿಲ್ಲ ಅಂದರೆ ಇದಲ್ಲವೇನೋ ಅಂದುಕೊಂಡೆ. ಹಿಂದಿದ್ದ ಅವರು, ಮುಂದಿನವರು ನಿಲ್ಲಲಿಲ್ಲ ಅಂದರೆ ಇನ್ನೊಂದಿರಬೇಕು ಅಂದುಕೊಂಡರು. ಹಾಗೇ ಎಷ್ಟೋ ಮೈಲಿ ಹೋಗಿಬಿಟ್ಟೆವು. ನೀರಿನ ಬಾಟಲಿ ಖಾಲಿ. ಬಿಸಿಲು ನೆತ್ತಿ ಸುಡುತ್ತಿತ್ತು.

ಅಲ್ಲೊಂದು ಚಿಕ್ಕ ಕಡವು ಸಿಕ್ಕಿತು. ಕಂಬಕ್ಕೆ ಹಿತ್ತಾಳೆ ಗಂಟೆ ಕಟ್ಟಿದ್ದರು, ಬಾರಿಸಿದರೆ ಆಚೆ ದಡದಿಂದ ದೋಣಿಯವನು ಬರುತ್ತಾನೆಂದು ಚಿತ್ರ ಬರೆದಿತ್ತು. ದೋಣಿಯವನು ಆಚೆ ದಡದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದದ್ದು ಕಾಣುತ್ತಿತ್ತು.

"ಬಾರಿಸಿ ಬೀಗ್ರೇ" ಅಂದೆ.

"ಅಯ್ಯ, ನೀವು ಇದ್ದಾಗ ನಾ ಹೆಂಗ ಬಾರಸ್ಲಿ? ನೀವಽ ಬಾರಸ್ರಿ."

"ಇಲ್ಲ ಇಲ್ಲ, ನೀವು ದೊಡ್ಡವರು."

"ದೊಡ್ಡಸ್ತನ ಏನ್ ಬಂತರಿ, ನೀವು ಗಂಡಿನ ಕಡ್ಯಾರು."

ದೋಣಿಯವನು ಎದ್ದು ನಿಂತ, ನಮ್ಮಿಬ್ಬರ ಕೈಬಾಯಿ ಆಡುವುದನ್ನು ನೋಡಿದ, ಜಗಳವಾಡುತ್ತಿದ್ದಾರೆ ಅಂದುಕೊಂಡನೋ ಏನೋ, ಮತ್ತೆ ಕೂತುಬಿಟ್ಟ. ಅದನ್ನು ಕಂಡು ಬೀಗಿತ್ತಿಗೆ ನಗು ಬಂತು. ನಕ್ಕರು, ನಕ್ಕರು, ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತೇಬಿಟ್ಟರು. ಮರುಕ್ಷಣ ನೋಡಿದರೆ ಅಳುತ್ತಿದ್ದರು. ನಾನು ಗಾಬರಿಯಾಗಿ ಪಕ್ಕದಲ್ಲಿ ಕೂತೆ. ದಾರಿಯಲ್ಲಿ ಕೊಂಡಿದ್ದ ಏಪ್ರಿಕಾಟ್ ಚೀಲ ಬಿಟ್ಟರೆ ನಮ್ಮ ಬಳಿ ಏನೂ ಇರಲಿಲ್ಲ. ಒಂದು ಹಣ್ಣು ಕೊಟ್ಟೆ. ತಿಂದರು. ಇನ್ನೊಂದು ತಿಂದರು.

"ನನಗ ಭಾಳ ದಣಿವಾಗೇತ್ರಿ" ಅಂದರು. "ಮೊದಲನೇ ದಿನದಿಂದ ದಣಿವಾಗೇತಿ. ಹೇಳಾಕ ನಾಚಿಕಿ." ಆಮೇಲೆ ನದಿಯ ಕಡೆ ನೋಡುತ್ತಾ, "ಇನ್ನೊಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗಳ ಬಾಣಂತನ ನಾ ಮಾಡಬೇಕಂತ ಆಸೆ ಐತ್ರಿ. ಇದ್ದಾಕಿ ಒಬ್ಬಾಕಿ. ಕೇಳಿದ್ರ ನಿಮಗ ಬ್ಯಾಸರ ಆದೀತು ಅಂತ ಬಾಯಿ ಮುಚ್ಚಿಕೊಂಡು ಕುಂತೇನಿ. ಅವತ್ತು ಸಂಗಮದಾಗೂ ಇದನ್ನಽ ಬೇಡಕೊಂಡೆ."

ಆ ಕ್ಷಣ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಹೊತ್ತ ಕಲ್ಲನ್ನು ಯಾರೋ ಇಳಿಸಿದ ಹಾಗಾಯಿತು. "ಅಯ್ಯೋ ಬೀಗ್ರೇ, ನಂಗೆ ಮಗೂಗೆ ನೀರು ಹಾಕೋಕೂ ಬರಲ್ಲ. ಭಯಕ್ಕೆ ನಿದ್ದೆ ಬರ್ತಿಲ್ಲ. ದಯವಿಟ್ಟು ಮಾಡಿ!" ಅಂದೆ. ಅಷ್ಟಕ್ಕೇ ನಿಲ್ಲಿಸದೆ, ನನಗೆ ಸಿಹಿ ಆಗದು ಅನ್ನುವುದನ್ನೂ ಹೇಳಿಬಿಟ್ಟೆ. ಅವರು ಬಾಯಿಗೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದರು. "ಬಾಯಿದ್ದಾಂವ ಬರಗಾಲದಾಗೂ ಬದುಕಿದ ಅಂತಾರ. ನಮಗ ಬಾಯಿ ಇದ್ದೂ ಇಲ್ದಂಗ ಆತಲ್ರಿ" ಅಂದು ಎದ್ದವರೇ ಹೋಗಿ ಗಂಟೆ ಬಾರಿಸಿದರು. ದೋಣಿಯವನು ಬೆಚ್ಚಿ ಎದ್ದ.

ಆಚೆ ದಡಕ್ಕೆ ಹೋಗುವಷ್ಟರಲ್ಲಿ ಅವರು ಕಾನೂನು ಮಾಡಿದ್ದರು. ದಣಿವಾದರೆ, ಹಸಿವಾದರೆ, ಬೇಸರವಾದರೆ, ಸೈಕಲ್ಲಿನ ಬೆಲ್ ಎರಡು ಸಲ. ಯಾಕೆ ಏನು ಎಂದು ಕೇಳುವಂತಿಲ್ಲ, ಇನ್ನೊಬ್ಬರು ನಿಲ್ಲಬೇಕು. ಬಾಯಲ್ಲಿ ಹೇಳಲು ನಾಚಿಕೆಯಾದವರಿಗೆ ಬೆರಳು ಸಾಕು. ಅಲ್ಲಿಂದ ಮುಂದೆ ನಮ್ಮ ಪ್ರವಾಸವೇ ಬೇರೆಯಾಯಿತು. ನೆರಳು ಕಂಡಲ್ಲಿ ಬೆಲ್, ಕಾಫಿ ಕಂಡಲ್ಲಿ ಬೆಲ್. ವಿಯೆನ್ನಾ ತಲುಪುವಾಗ ಕತ್ತಲಾಗಿತ್ತು, ನಮ್ಮನ್ನು ದಾಟಿ ಹೋಗದ ಸೈಕಲ್ಲೇ ಇರಲಿಲ್ಲ. ಊರ ನಡುವಿನ ದೊಡ್ಡ ಚರ್ಚಿನ ಮುಂದೆ ಇಬ್ಬರೂ ಸೈಕಲ್ ಹಿಡಿದು ನಿಂತು ಸುಮ್ಮನೆ ಬೆಲ್ ಬಾರಿಸಿದೆವು. ಮರುದಿನ ಅಂಗಡಿಯೊಂದರಲ್ಲಿ ಹಿತ್ತಾಳೆಯ ಬೆಲ್ ಕೊಂಡು ಅವರು ಶೋರ್‌ಲೈನಿಗೆ ತಂದರು.

ಬಾಣಂತನ ಶೋರ್‌ಲೈನಿನಲ್ಲೇ ಆಯಿತು. ಮಕ್ಕಳು ಹೂಂ ಅನ್ನುವ ಮೊದಲೇ ನಾವಿಬ್ಬರೂ ಹೂಂ ಅಂದಾಗಿತ್ತು. ನಾನು ಆಫೀಸು ಮುಗಿಸಿ ಹೋಗುವಷ್ಟರಲ್ಲಿ ಆ ಮನೆಯೆಲ್ಲ ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆಯ ವಾಸನೆ. ಹೊಗೆಯ ಅಲಾರಂ ಹೊಡೆದುಕೊಂಡರೆ ಬೀಗಿತ್ತಿಯ ಯಜಮಾನರು ಅದರ ಕೆಳಗೆ ನಿಂತು ಟವೆಲ್ ಬೀಸುತ್ತಿದ್ದರು. ಒಂದು ಶನಿವಾರ ಬೀಗಿತ್ತಿ ನನ್ನನ್ನು ಬಚ್ಚಲಲ್ಲಿ ಕಾಲು ನೀಡಿ ಕೂರಿಸಿ, ಎಣ್ಣೆ ಹಚ್ಚಿದ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿದರು. "ಹೆದರಬ್ಯಾಡ್ರಿ, ನಾ ಇದ್ದೇನಲ್ಲ" ಅಂದರು. ಅವರು ನೀರು ಹುಯ್ದರು, ನಾನು ತಿಕ್ಕಿದೆ. ಆಮೇಲೆ ಊಟಕ್ಕೆ ಖಾರದ ಚಟ್ನಿ, ರೊಟ್ಟಿ. ಹೋಳಿಗೆ ಇರಲಿಲ್ಲ.

ಆಮೇಲಿನ ಬೇಸಿಗೆಗಳಲ್ಲಿ ಅವರು ಶೋರ್‌ಲೈನಿನಿಂದ, ನಾನು ರೆಡ್ಮಂಡಿನಿಂದ ಹೊರಟು ನಡುವೆ ಸರೋವರದ ದಂಡೆಯಲ್ಲಿ ಸಿಗುತ್ತಿದ್ದೆವು. ಮಗು ಕಾರಿನಲ್ಲಿ ಬರುತ್ತಿತ್ತು. ಬೀಗಿತ್ತಿ ಅನ್ನುವ ಮಾತಿನಲ್ಲಿ ಗೆಳತಿ ಅನ್ನುವ ಅರ್ಥ ಇಲ್ಲ, ಆದರೆ ನನ್ನ ಪಾಲಿಗೆ ಅದೇ ಆಗಿತ್ತು.

ಮೂರನೆಯದೋ ನಾಲ್ಕನೆಯದೋ ಬೇಸಿಗೆಯಲ್ಲಿ ಅವರು ಮೊದಲಿಗಿಂತ ಬೇಗ ಬೇಗ ಬೆಲ್ ಬಾರಿಸತೊಡಗಿದರು... ಕಾನೂನಿನಂತೆ ನಾನು ಯಾಕೆ ಎಂದು ಕೇಳಲಿಲ್ಲ. ವಾಸಿಯಾಗುವ ಕಾಯಿಲೆಯಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಕೋಣೆ ತುಂಬ ಜನ. ಬಂದವರೆಲ್ಲ ಗುಣವಾಗುತ್ತೀರಿ ಅನ್ನುತ್ತಿದ್ದರು. ಅವರು ಎಲ್ಲರಿಗೂ ಹೌದ್ರಿ ಹೌದ್ರಿ ಎಂದು ನಗುತ್ತಿದ್ದರು, ಉಪಚಾರ ಬಿಟ್ಟಿರಲಿಲ್ಲ. ನಾನು ಮಂಚದ ಪಕ್ಕದಲ್ಲಿ ಅವರ ಕೈ ಹಿಡಿದು ಕೂತಿದ್ದೆ. ನನ್ನ ಅಂಗೈಯಲ್ಲಿ ಅವರ ಹೆಬ್ಬೆರಳು ಎರಡು ಸಲ ಅಲುಗಿತು. ನಾನು ಎದ್ದು ಎಲ್ಲರನ್ನೂ ಹೊರಗೆ ಕಳಿಸಿ, ಕರ್ಟನ್ ಎಳೆದು, ಅವರ ಹತ್ತಿರ ಕೂತೆ. ಅವರು ಕಣ್ಣು ಮುಚ್ಚಿದರು, ನಿದ್ದೆ ಹತ್ತಿತು. ಅದಾದ ಮೇಲೆ ಬಹಳ ದಿನ ಇರಲಿಲ್ಲ.

ಈಗ ಶೋರ್‌ಲೈನಿಗೆ ರೈಲು ಬಂದಿದೆ. ಅವರಿದ್ದಿದ್ದರೆ ಸೈಕಲ್ ಸಮೇತ ಹತ್ತಿ ಎಲ್ಲೆಲ್ಲಿ ಹೋಗುತ್ತಿದ್ದರೋ. ಅವರಿಲ್ಲದ ಶನಿವಾರಗಳಿಗೆ ನಾನಿನ್ನೂ ಒಗ್ಗಿಲ್ಲ, ಒಗ್ಗುತ್ತೇನೆಂದೂ ಅನ್ನಿಸುವುದಿಲ್ಲ. ಆದರೂ ಶನಿವಾರ ಬಂದರೆ ಶೋರ್‌ಲೈನಿಗೆ ಹೋಗುತ್ತೇನೆ. ಮೊಮ್ಮಗಳೂ ಅಲ್ಲಿಗೆ ಬರುತ್ತಾಳೆ, ಅವಳೀಗ ಒಂದನೇ ಕ್ಲಾಸು. ಅವಳ ಪುಟ್ಟ ಸೈಕಲ್ಲಿಗೆ ವಿಯೆನ್ನಾದ ಆ ಹಿತ್ತಾಳೆ ಬೆಲ್ ಹಾಕಿದ್ದೇವೆ. ಹ್ಯಾಂಡಲಿಗಿಂತ ಬೆಲ್ಲೇ ದೊಡ್ಡದು. ಬೀಗಿತ್ತಿಯ ಕಾನೂನನ್ನೂ ಅವಳಿಗೆ ಕಲಿಸಿದ್ದೇವೆ.

ಕಳೆದ ಶನಿವಾರ ಸಂತೆಯಲ್ಲಿ ಕೊಂಡ ಏಪ್ರಿಕಾಟ್ ಚೀಲವನ್ನು ಸೈಕಲ್ ಬುಟ್ಟಿಗೆ ಹಾಕಿಕೊಂಡು ಮೊಮ್ಮಗಳು, ನಾನು ಇಬ್ಬರೂ ಟ್ರೇಲಿಗೆ ಇಳಿದೆವು. ನಾನು ಮುಂದೆ, ಅವಳು ಹಿಂದೆ. ಹಣ್ಣಿನ ವಾಸನೆ ದಾರಿಯುದ್ದಕ್ಕೂ ನನ್ನ ಮುಖಕ್ಕೇ ಬರುತ್ತಿತ್ತು. ಎಷ್ಟು ದೂರ ಹೋದೆನೋ... ಹಿಂದಿನಿಂದ ಬೆಲ್ ಎರಡು ಸಲ ಹೊಡೆಯಿತು. ಬ್ರೇಕ್ ಹಾಕಿ ಇಳಿದೆ.

"ಸುಸ್ತಾಯ್ತಾ ಕಂದಾ?" ಕಾನೂನು ಮರೆತು ಕೇಳಿಯೇಬಿಟ್ಟೆ.

"ನೋ ಅಜ್ಜಿ. ಐ ಥಿಂಕ್ ಯೂ ಆರ್ ಟೈರ್ಡ್" ಅಂದಳು.

ಛೆ, ಇಲ್ಲಮ್ಮ, ನಂಗೇನಾಗಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ. "ಹೌದು ಕಣೇ, ತುಂಬಾ ಸುಸ್ತಾಗಿದೆ" ಅಂದೆ. ಅವಳು ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ, ನನಗೂ ಜಾಗ ತೋರಿಸಿ ಕೂತಳು. ಇಬ್ಬರೂ ಚೀಲ ಬಿಚ್ಚಿ ಹಣ್ಣು ತಿಂದೆವು. ರಸ ಅವಳ ಗಲ್ಲದ ಮೇಲೆ ಇಳಿಯುತ್ತಿತ್ತು.